ಡೇಟೋನಾ, 1984 ಜುಲೈ 4: ರೇಗನ್ ಬಂದ ರೇಸು, ಪೆಟಿಯ 200ನೇ ಗೆಲುವು. ನೆನಪಿನಲ್ಲಿ ಯಾವುದು ಸರಿ, ಯಾವುದು ತಪ್ಪು?

ಹಳೇಓವಲ್
ಪ್ರತಿ ಜುಲೈನಲ್ಲೂ ಈ ರೇಸಿನ ಫೋಟೊಗಳು ಸುತ್ತಾಡುತ್ತವೆ, ಜೊತೆಗೆ ಅದೇ ತಪ್ಪುಗಳೂ. ಒಂದು ಕಡೆ ಸರಿಯಾಗಿ ಬರೆದಿಟ್ಟುಕೊಳ್ಳೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಗೊತ್ತಿರುವ ಕ್ರಮ ಇಷ್ಟು. ಬುಧವಾರ, ಅಮೆರಿಕದ ಸ್ವಾತಂತ್ರ್ಯ ದಿನ. ಫ್ಲಾರಿಡಾದ ಡೇಟೋನಾ ಬೀಚ್, ನ್ಯಾಸ್ಕರ್‌ನ (ಅಮೆರಿಕದ ಸ್ಟಾಕ್ ಕಾರ್ ರೇಸುಗಳ ಸಂಸ್ಥೆ) ಪೆಪ್ಸಿ ಫೈರ್‌ಕ್ರ್ಯಾಕರ್ 400. ಎರಡೂವರೆ ಮೈಲಿಯ ಟ್ರ್ಯಾಕಿನಲ್ಲಿ 160 ಸುತ್ತು, ಒಟ್ಟು 400 ಮೈಲಿ, ಅಂದರೆ ಸುಮಾರು 644 ಕಿ.ಮೀ. ಪೋಲ್ (ಎಲ್ಲರಿಗಿಂತ ಮುಂದೆ ಹೊರಡುವ ಸ್ಥಾನ) ಕೇಲ್ ಯಾರ್ಬರೋದು: 28ನೇ ನಂಬರಿನ ಷೆವ್ರೊಲೆ ಮಾಂಟೆ ಕಾರ್ಲೊ, ಗಂಟೆಗೆ 199.743 ಮೈಲಿ. ರಿಚರ್ಡ್ ಪೆಟಿ 43ನೇ ನಂಬರಿನ ಪಾಂಟಿಯಾಕ್ ಗ್ರ್ಯಾಂಡ್ ಪ್ರೀಯಲ್ಲಿ ಆರನೆಯವನಾಗಿ ಹೊರಟ. ಅಧ್ಯಕ್ಷ ರೊನಾಲ್ಡ್ ರೇಗನ್ "ಎಂಜಿನ್ ಸ್ಟಾರ್ಟ್ ಮಾಡಿ" ಅನ್ನುವ ಆದೇಶ ಕೊಟ್ಟಿದ್ದು ಏರ್ ಫೋರ್ಸ್ ಒನ್ ವಿಮಾನದ ಒಳಗಿನಿಂದ, ಫೋನಿನಲ್ಲಿ. ಆ ಹೊತ್ತಿಗೆ ಅವರು ಟ್ರ್ಯಾಕಿನಲ್ಲಿ ಇರಲೇ ಇಲ್ಲ. ರೇಸು ನಡೆಯುತ್ತಿರುವಾಗಲೇ ವಿಮಾನ ಇಳಿಯಿತು. ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ನ್ಯಾಸ್ಕರ್ ರೇಸಿಗೆ ಬಂದದ್ದು ಅದೇ ಮೊದಲು.

ಇನ್ನು ಪ್ರಸಿದ್ಧವಾದ ಆ ಫೋಟೊ: ಹಿಂದೆ ವಿಮಾನ ಇಳಿಯುತ್ತಿದೆ, ಮುಂದೆ 43 ಓಡುತ್ತಿದೆ. ಅದು ಜೋಡಿಸಿದ ಚಿತ್ರ ಅಂತ ಕೆಲವರು ವಾದಿಸುತ್ತಾರೆ. ಅಲ್ಲ. ಡೇಟೋನಾ ವಿಮಾನ ನಿಲ್ದಾಣದ ರನ್‌ವೇ ಟ್ರ್ಯಾಕಿನ ಹಿಂಬದಿಯ ನೇರ ದಾರಿಯ ಬೆನ್ನಿಗೇ ಇದೆ. ಬೇಲಿಯ ಈಚೆ ರೇಸು, ಆಚೆ ವಿಮಾನ.

ಕರಾವಳಿ_ಓದುಗ
ನನಗೆ ಎಫ್1 ಗೊತ್ತು, ಓವಲ್ (ಅಂಡಾಕಾರದ ಟ್ರ್ಯಾಕ್) ರೇಸು ಹೊಸದು. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಪೆಟಿ ಮತ್ತು ಯಾರ್ಬರೋ ಮೈಗೆ ಮೈ ಉಜ್ಜಿಕೊಂಡು ಗೆರೆ ದಾಟುವ ವಿಡಿಯೊ ನೋಡಿದೆ. ಆದರೆ ಫಲಿತಾಂಶದ ಪಟ್ಟಿಯಲ್ಲಿ ಎರಡನೇ ಸ್ಥಾನ ಹ್ಯಾರಿ ಗ್ಯಾಂಟ್, ಯಾರ್ಬರೋ ಮೂರನೆಯವನು. ಕೂದಲೆಳೆಯಲ್ಲಿ ಸೋತವನು ಎರಡನೆಯವನಾಗಬೇಕಲ್ಲವೇ?

ಡ್ರಾಫ್ಟ್‌ಲೈನ್
ಇಡೀ ಎಳೆಯ ಮುಖ್ಯ ಪ್ರಶ್ನೆ ಇದೇ. ನೀವು ನೋಡಿದ್ದು 160ನೇ ಸುತ್ತಿನ ಕೊನೆ ಅಲ್ಲ, 158ನೇ ಸುತ್ತಿನ ಕೊನೆ. ರೇಸು ಗೆದ್ದದ್ದು ಅಲ್ಲಿ, ಎರಡು ಸುತ್ತು ಬಾಕಿ ಇರುವಾಗ.

ಆಗಿನ ನಿಯಮ ಹೀಗಿತ್ತು. ಅಪಘಾತವಾಗಿ ಹಳದಿ ಬಾವುಟ ಬಂದರೂ ಕಾರುಗಳು ಆ ಕ್ಷಣದಲ್ಲಿ ಇದ್ದ ಸ್ಥಾನದಲ್ಲೇ ನಿಲ್ಲುತ್ತಿರಲಿಲ್ಲ. ಮುಂದೆ ಇರುವವನು ಆರಂಭದ ಗೆರೆಗೆ ಬಂದು ಹಳದಿ ಬಾವುಟವನ್ನು ದಾಟುವ ತನಕ ಪೈಪೋಟಿ ಜಾರಿಯಲ್ಲೇ ಇರುತ್ತಿತ್ತು. ಗೆರೆ ದಾಟಿದ ಮೇಲೆ ಸ್ಥಾನ ಬದಲಿಲ್ಲ, ಮೆಲ್ಲನೆ ಮುನ್ನಡೆಸುವ ಪೇಸ್ ಕಾರಿನ ಹಿಂದೆ ನಿಧಾನ. ರೇಸನ್ನು ಹೆಚ್ಚುವರಿ ಸುತ್ತಿಗೆ ಎಳೆದು ಹಸಿರು ಬಾವುಟದಲ್ಲೇ ಮುಗಿಸುವ ಪದ್ಧತಿಯೂ ಆಗ ಇರಲಿಲ್ಲ.

158ನೇ ಸುತ್ತಿನಲ್ಲಿ ಡಗ್ ಹೆವರಾನ್ ಕಾರು ಒಂದನೇ ತಿರುವಿನ ಬಳಿ ಹತೋಟಿ ತಪ್ಪಿ ಉರುಳಿತು. ಮುಂದೆ ಇದ್ದ ಪೆಟಿಗೂ, ಅವನ ಬಾಲ ಹಿಡಿದಿದ್ದ ಯಾರ್ಬರೋಗೂ ಲೆಕ್ಕ ಆ ಕ್ಷಣವೇ ಹೊಳೆಯಿತು: ಉಳಿದ ಎರಡು ಸುತ್ತಿನಲ್ಲಿ ಕಾರನ್ನು ತೆಗೆದು ಟ್ರ್ಯಾಕ್ ಚೊಕ್ಕ ಮಾಡಲು ಆಗುವುದಿಲ್ಲ. ಹಾಗಾಗಿ ಈಗ ಗೆರೆಗೆ ಮೊದಲು ತಲುಪಿದವನೇ ಗೆದ್ದ ಹಾಗೆ.

ಯಾರ್ಬರೋ ಹಿಂಬದಿಯ ನೇರ ದಾರಿಯಲ್ಲಿ ಡ್ರಾಫ್ಟ್ (ಮುಂದಿನ ಕಾರಿನ ಬೆನ್ನಿಗೆ ಗಾಳಿಯ ತಡೆ ಕಡಿಮೆ ಇರುವ ಜಾಗ) ಹಿಡಿದು ಪೆಟಿಯನ್ನು ದಾಟಿ ಮೂರನೇ ತಿರುವಿಗೆ ಮೊದಲು ಹೊಕ್ಕ. ಹೊಕ್ಕ ವೇಗಕ್ಕೆ ಕಾರು ಸ್ವಲ್ಪ ಮೇಲಕ್ಕೆ ಜಾರಿತು. ಅಷ್ಟು ಜಾಗ ಸಾಕಾಯಿತು, ಪೆಟಿ ಒಳಬದಿಗೆ ನುಗ್ಗಿದ. ನಾಲ್ಕನೇ ತಿರುವಿನಿಂದ ಗೆರೆಯವರೆಗೂ ಬಾಗಿಲಿಗೆ ಬಾಗಿಲು, ಒಂದಕ್ಕೊಂದು ತಾಗುತ್ತಾ ಬಂದರು. ಪೆಟಿ ಮಡ್‌ಗಾರ್ಡಿನಷ್ಟು ಮುಂದೆ.

ಇನ್ನು ಮೂರನೇ ಸ್ಥಾನದ ವಿಷಯ. ಗೆರೆ ದಾಟಿದ ಯಾರ್ಬರೋ ರೇಸೇ ಮುಗಿಯಿತು ಅಂದುಕೊಂಡು ಒಂದು ಸುತ್ತು ಮೊದಲೇ ಪಿಟ್ ದಾರಿಗೆ (ಪೆಟ್ರೋಲು, ಟೈರಿಗೆ ನಿಲ್ಲುವ ಕಡೆಗೆ) ಇಳಿದುಬಿಟ್ಟ. ತಪ್ಪು ತಿಳಿದು ವಾಪಸ್ ಬರುವಷ್ಟರಲ್ಲಿ ಗ್ಯಾಂಟ್ ಮುಂದೆ ಹೋಗಿದ್ದ.

ಸ್ಕೋರ್‌ಕಾರ್ಡ್
ಇದಕ್ಕೆ ಒಂದು ಮಾತು ಸೇರಿಸಬೇಕು. 1984ರಲ್ಲಿ ಕಾರಿಗೆ ಎಲೆಕ್ಟ್ರಾನಿಕ್ ಟ್ರಾನ್ಸ್‌ಪಾಂಡರ್ ಇರಲಿಲ್ಲ. ಲೆಕ್ಕವೆಲ್ಲ ಕೈಯಲ್ಲೇ. ಪ್ರತಿ ಕಾರಿಗೂ ಒಬ್ಬ ಸ್ಕೋರರ್, ಕೈಯಲ್ಲಿ ಒಂದು ಕಾರ್ಡು, ಎದುರಿಗೆ ದೊಡ್ಡ ಗಡಿಯಾರ. ತನ್ನ ಕಾರು ಗೆರೆ ದಾಟಿದಾಗಲೆಲ್ಲ ಗಡಿಯಾರದ ಅಂಕಿಯನ್ನು ಆ ಸುತ್ತಿನ ಮನೆಯಲ್ಲಿ ಬರೆಯಬೇಕು. ಕಣ್ಣು ಒಂದು ಕ್ಷಣ ಅತ್ತ ಹೋಗಿ ಒಂದು ಮನೆ ಖಾಲಿ ಬಿದ್ದರೆ, ಅಲ್ಲಿಂದ ಮುಂದೆ ಇಡೀ ಕಾರ್ಡು ಒಂದು ಸುತ್ತು ಹಿಂದೆ. ಅದನ್ನು ಸರಿಪಡಿಸುವುದು ಹೇಗೆಂದರೆ, ಎರಡು ದಾಖಲೆಗಳ ನಡುವಿನ ಅಂತರ ನೋಡುವುದು. ಡೇಟೋನಾದಲ್ಲಿ ಪೂರ್ತಿ ವೇಗದ ಸುತ್ತು 45–47 ಸೆಕೆಂಡು. ಕಾರ್ಡಿನಲ್ಲಿ ಒಂದೂವರೆ ನಿಮಿಷದ ಅಂತರ ಕಂಡು, ಆ ಕಾರು ಪಿಟ್‌ಗೂ ಹೋಗಿಲ್ಲ, ಹಳದಿಯೂ ಇಲ್ಲ ಅಂದರೆ ಅಲ್ಲೊಂದು ಸುತ್ತು ಬಿಟ್ಟುಹೋಗಿದೆ.

ಯಾರ್ಬರೋ ಮಾಡಿದ ತಪ್ಪನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಡ್ರೈವರಿಗೆ ಕಾರಿನೊಳಗೆ ಸುತ್ತಿನ ಲೆಕ್ಕ ತೋರಿಸುವ ಪರದೆ ಇಲ್ಲ. ಅವನಿಗಿದ್ದದ್ದು ರೇಡಿಯೊ, ಬಾವುಟ, ತಲೆಯೊಳಗಿನ ಎಣಿಕೆ, ಅಷ್ಟೇ. ಕೊನೆಯ ಗೆರೆಗೆ ಓಡಿದ ಹಾಗೇ ಓಡಿ ಬಂದವನಿಗೆ ಇನ್ನೂ ಬಾಕಿ ಇದೆ ಅನ್ನುವುದು ಮರೆಯುವುದು ದೊಡ್ಡ ಆಶ್ಚರ್ಯವೇನಲ್ಲ. ಅವನನ್ನು ದಡ್ಡ ಅನ್ನುವವರನ್ನು ನಾನು ಒಪ್ಪುವುದಿಲ್ಲ. 1983 ಮತ್ತು 1984, ಎರಡೂ ವರ್ಷ ಡೇಟೋನಾ 500 ಗೆದ್ದವನು ಅವನೇ.

ಕರಾವಳಿ_ಓದುಗ
ಅರ್ಥವಾಯಿತು, ಧನ್ಯವಾದ. ಒಂದು ಅನುಮಾನ. ಮುಂದೆ ಇರುವ ಕಾರೇ ಗೆಲ್ಲಬೇಕಲ್ಲ? ಹಿಂದೆ ಇರುವುದೇ ಲಾಭ ಅನ್ನುವ ಹಾಗೆ ಯಾಕೆ ಬರೆಯುತ್ತೀರಿ?

ಡ್ರಾಫ್ಟ್‌ಲೈನ್
ಆ ಕಾಲದ ಡೇಟೋನಾದಲ್ಲಿ ಕೊನೆಯ ಸುತ್ತಿಗೆ ಮುಂದೆ ಇರುವುದು ನಿಜಕ್ಕೂ ಕಷ್ಟದ ಜಾಗ.

ಕಾರು ಗಾಳಿಯನ್ನು ಸೀಳಿಕೊಂಡು ಹೋದಾಗ ಹಿಂದೆ ಒತ್ತಡ ಕಡಿಮೆಯಾದ ಒಂದು ಗುಂಡಿ ಉಂಟಾಗುತ್ತದೆ. ಬೆನ್ನಿಗಂಟಿ ಬರುವ ಕಾರು ಆ ಗುಂಡಿಯೊಳಗೆ ಇರುವುದರಿಂದ ಅದಕ್ಕೆ ಗಾಳಿಯ ತಡೆ ಕಡಿಮೆ. ಗಾಳಿಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಲೆಕ್ಕ ತಿರುಗಿಸಿದರೆ, ತಡೆ 10 ಪ್ರತಿಶತ ಇಳಿದಾಗ ಅದೇ ಎಂಜಿನ್ನಿಗೆ ಸುಮಾರು 3 ಪ್ರತಿಶತ ಹೆಚ್ಚು ವೇಗ ಸಿಗುತ್ತದೆ. 200 ಮೈಲಿಯಲ್ಲಿ 3 ಪ್ರತಿಶತ ಅಂದರೆ 6 ಮೈಲಿ, ಸೆಕೆಂಡಿಗೆ 2.7 ಮೀಟರ್. ಹಿಂಬದಿಯ ನೇರ ದಾರಿ 3,000 ಅಡಿ, ದಾಟಲು 10 ಸೆಕೆಂಡು. ಅಷ್ಟರಲ್ಲಿ 27 ಮೀಟರ್ ಗಳಿಕೆ, ಅಂದರೆ ಐದು ಕಾರಿನ ಉದ್ದ. ಪಕ್ಕಕ್ಕೆ ಬಂದ ಕೂಡಲೇ ಎದುರು ಗಾಳಿ ಮತ್ತೆ ಹೊಡೆಯುತ್ತದೆ, ಆದ್ದರಿಂದ ಪೂರ್ತಿ ಗಳಿಕೆ ಉಳಿಯುವುದಿಲ್ಲ. ಆದರೆ ದಾಟಿ ಹೋಗಲು ಸಾಕು. ಕವಣೆ ಕಲ್ಲಿನ ಹಾಗೆ ಹಿಂದಿನಿಂದ ಚಿಮ್ಮುವುದಕ್ಕೇ ಸ್ಲಿಂಗ್‌ಶಾಟ್ ಅನ್ನುವ ಹೆಸರು.

1984ರ ಕಾರುಗಳಲ್ಲಿ ಇದು ಇನ್ನೂ ಜೋರು. ಗ್ರ್ಯಾಂಡ್ ಪ್ರೀ, ಮಾಂಟೆ ಕಾರ್ಲೊ ಎರಡಕ್ಕೂ ಹಿಂದಿನ ಗಾಜು ಬಹುತೇಕ ನೆಟ್ಟಗೆ ನಿಂತಿತ್ತು. ಛಾವಣಿ ಮೇಲಿಂದ ಬಂದ ಗಾಳಿ ಅಲ್ಲಿ ತಟ್ಟನೆ ಕಳಚಿಕೊಂಡು ಸುಳಿಯುತ್ತದೆ, ಗುಂಡಿ ದೊಡ್ಡದಾಗುತ್ತದೆ. ಗಾಜನ್ನು ಇಳಿಜಾರಾಗಿ ಮಲಗಿಸಿದ ಮಾದರಿಗಳು ಎರಡೂ ಕಂಪನಿಯಿಂದ ಬಂದದ್ದು 1986ಕ್ಕೆ.

ಯಾರ್ಬರೋ ಈ ವಿದ್ಯೆಯಲ್ಲಿ ಪಳಗಿದವನು. ಅದೇ ಫೆಬ್ರವರಿಯಲ್ಲಿ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಡ್ಯಾರೆಲ್ ವಾಲ್‌ಟ್ರಿಪ್‌ನನ್ನು ಹೀಗೇ ದಾಟಿದ್ದ, ಅದರ ಹಿಂದಿನ ವರ್ಷ ಬಡ್ಡಿ ಬೇಕರ್‌ನನ್ನು. ಪೆಟಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಬೆನ್ನ ಹಿಂದೆ 28 ಇದೆ ಅಂದರೆ ಮೂರನೇ ತಿರುವಿಗೆ ಮುಂಚೆ ಅದು ಪಕ್ಕಕ್ಕೆ ಬಂದೇ ಬರುತ್ತದೆ. ಹಾಗೆ ಬಂದವನನ್ನು ತಡೆಯಲು ಹೋಗದೆ, ದಾಟಿದ ಮೇಲೆ ಅವನ ಕೆಳಗೆ ಹೇಗೆ ನುಗ್ಗುವುದು ಅನ್ನುವುದಕ್ಕೆ ಕಾರನ್ನು ಸಜ್ಜು ಮಾಡಿಕೊಂಡಿದ್ದರಲ್ಲಿ ಆ ಗೆಲುವು ಇದೆ.

ಬ್ಯಾಂಕ್31
ಮೇಲಕ್ಕೆ ಜಾರಿತು ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅದು ಯಾಕೆ ಜಾರಿತು ಅನ್ನುವುದನ್ನು ಬಿಡಿಸಿ ಹೇಳಬೇಕು.

ಡೇಟೋನಾದ ತಿರುವುಗಳ ಇಳಿಜಾರು 31 ಡಿಗ್ರಿ, ತಿರುವಿನ ತ್ರಿಜ್ಯ 1,000 ಅಡಿ. ಗಂಟೆಗೆ 200 ಮೈಲಿ ಅಂದರೆ ಸೆಕೆಂಡಿಗೆ 89.4 ಮೀಟರ್. ಆ ವೇಗದಲ್ಲಿ ತಿರುಗಲು ಒಳಮುಖವಾಗಿ ಬೇಕಾದ ಬಲ ಗುರುತ್ವದ 2.67 ಪಟ್ಟು. ಸಪಾಟು ರಸ್ತೆಯಲ್ಲಾದರೆ ಟೈರಿನ ಘರ್ಷಣೆ ಅಷ್ಟನ್ನೂ ಕೊಡಬೇಕಿತ್ತು, ಅದು ಆಗದ ಮಾತು. ಇಳಿಜಾರಿನಲ್ಲಿ ಕೆಲಸ ಹಂಚಿಹೋಗುತ್ತದೆ: ಮೇಲ್ಮೈಯ ಗುಂಟ ಟೈರು ಹಿಡಿಯಬೇಕಾದದ್ದು 1.77 ಪಟ್ಟು, ಕಾರನ್ನು ರಸ್ತೆಗೆ ಒತ್ತುವ ಬಲ 2.23 ಪಟ್ಟು. ಭಾಗಿಸಿದರೆ 0.79. ಟೈರಿಗೆ ಇದು ಸಾಧ್ಯ, ಆದರೆ ಉಳಿಕೆ ಹೆಚ್ಚಿಲ್ಲ.

ಈಗ ಡ್ರಾಫ್ಟಿನಿಂದ ಬಂದ ಹೆಚ್ಚುವರಿ 5–6 ಮೈಲಿ ಸೇರಿಸಿ. ಬೇಕಾದ ಬಲ ವೇಗದ ವರ್ಗದಷ್ಟು ಏರುತ್ತದೆ, ಸುಮಾರು 6 ಪ್ರತಿಶತ ಹೆಚ್ಚು. ಮುಂದಿನ ಟೈರುಗಳು ಅದನ್ನು ಕೊಡಲಾರದೆ ಹೋದಾಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಗೋಡೆಯ ಕಡೆಗೇ ಎಳೆಯುತ್ತದೆ. ಆಗಿನ ಟೈರುಗಳು ಬಯಾಸ್ ಪ್ಲೈ (ಒಳಗಿನ ನೂಲಿನ ಪದರಗಳು ಓರೆಯಾಗಿ ಇರುವಂಥವು), ರೇಡಿಯಲ್ ಬಂದದ್ದು 1989ರಲ್ಲಿ. ಬಯಾಸ್ ಟೈರು ಜಾರುವ ಮುನ್ನ ಮುನ್ಸೂಚನೆ ಕೊಟ್ಟು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಯಾರ್ಬರೋ ಕಾರು ಗಿರಕಿ ಹೊಡೆಯಲಿಲ್ಲ, ಒಂದು ಕಾರಿನಗಲ ಮೇಲಕ್ಕೆ ಹೋಯಿತು ಅಷ್ಟೆ. ಆ ಒಂದು ಅಗಲದ ಬಾಗಿಲಲ್ಲಿ ಪೆಟಿ ಒಳಗೆ ಬಂದ.

ಎಂಜಿನ್_ಕೋಣೆ
ಕಾರಿನ ಲೆಕ್ಕವನ್ನೂ ಸೇರಿಸುತ್ತೇನೆ. 358 ಘನ ಇಂಚಿನ ವಿ8, ಸುಮಾರು 5.9 ಲೀಟರ್. ನಾಲ್ಕು ಬಾಯಿಯ ಒಂದೇ ಒಂದು ಕಾರ್ಬುರೇಟರ್. ಗಾಳಿ ಹೋಗುವ ದಾರಿಯನ್ನು ಕಟ್ಟುವ ರಿಸ್ಟ್ರಿಕ್ಟರ್ ಪ್ಲೇಟು ಆಗ ಇರಲಿಲ್ಲ. 1987ರಲ್ಲಿ ಟ್ಯಾಲಡೇಗಾದಲ್ಲಿ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಬೇಲಿ ಹರಿದ ಮೇಲೆ, 1988ರಿಂದ ಪ್ಲೇಟು ಮತ್ತೆ ಕಡ್ಡಾಯವಾಯಿತು. ಕಾರಿನ ತೂಕ 3,700 ಪೌಂಡ್, ವೀಲ್‌ಬೇಸ್ 110 ಇಂಚು.

1984ರಲ್ಲಿ ಪೆಟಿ ಸ್ವಂತ ತಂಡದಲ್ಲಿ ಓಡುತ್ತಿರಲಿಲ್ಲ. ಕಾರು ಮೈಕ್ ಕರ್ಬ್ ತಂಡದ್ದು, ಕ್ರೂ ಚೀಫ್ ಬಡ್ಡಿ ಪ್ಯಾರಟ್, ಎಂಜಿನ್ ಡಿಗಾರ್ಡ್ ತಂಡದಿಂದ ತಂದದ್ದು, ಕಟ್ಟಿದವರು ರಾಬರ್ಟ್ ಯೇಟ್ಸ್. ಪೆಟಿ ಕುಟುಂಬದ ಮೋಟರು ಅಂತ ಬರೆಯುವವರು ಇದನ್ನು ಗಮನಿಸಬೇಕು.

ಅದರ ಹಿಂದಿನ ಕತೆಯನ್ನೂ ಮುಚ್ಚಿಡುವುದು ಬೇಡ. 198ನೇ ಗೆಲುವು 1983ರ ಅಕ್ಟೋಬರಿನಲ್ಲಿ ಶಾರ್ಲೆಟ್‌ನಲ್ಲಿ ಬಂತು. ರೇಸಾದ ಮೇಲೆ ಅಳೆದಾಗ ಎಂಜಿನ್ 381 ಘನ ಇಂಚು ಇತ್ತು, ಎಡಬದಿಯ ಮೆದು ಟೈರುಗಳನ್ನು ಬಲಬದಿಗೆ ಹಾಕಿದ್ದರು. 35,000 ಡಾಲರ್ ದಂಡ, 104 ಅಂಕ ಕಡಿತ, ಗೆಲುವು ಮಾತ್ರ ಉಳಿಯಿತು. ಎಡಬದಿ ಟೈರು ಬಲಕ್ಕೆ ಹಾಕಿದರೆ ಏನು ಲಾಭ? ಎಡಕ್ಕೇ ತಿರುಗುವ ಓವಲಿನಲ್ಲಿ ಭಾರವೆಲ್ಲ ಬಲಬದಿಗೆ ಬೀಳುತ್ತದೆ. ಆದ್ದರಿಂದ ಬಲದ ಟೈರಿನ ರಬ್ಬರು ಗಟ್ಟಿ ಇರುತ್ತದೆ. ಮೆದುವಾದದ್ದನ್ನು ಅಲ್ಲಿ ಹಾಕಿದರೆ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ, ಕೊನೆಯ ಹತ್ತಿಪ್ಪತ್ತು ಸುತ್ತಿಗೆ ಸಾಕು. ಆ ಋತು ಮುಗಿದ ಮೇಲೆ ಪೆಟಿ ತಂದೆ ಕಾಲದ ತಂಡ ಬಿಟ್ಟು ಕರ್ಬ್ ಕಡೆ ಹೋದ. 199ನೆಯದು 1984ರ ಮೇ ತಿಂಗಳಲ್ಲಿ ಡೋವರ್‌ನಲ್ಲಿ, 200ನೆಯದು ಡೇಟೋನಾದಲ್ಲಿ.

ಅನುಮಾನಿ_ಅಲ್ಲ
ಈ ಎಳೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಚುನಾವಣೆಯ ವರ್ಷ, ಸ್ವಾತಂತ್ರ್ಯ ದಿನ, ಅಧ್ಯಕ್ಷರು ಎದುರಿಗೆ, ಅದೇ ದಿನ ಸರಿಯಾಗಿ 200ನೇ ಗೆಲುವು. ಇದೆಲ್ಲ ಮೊದಲೇ ಗೊತ್ತು ಮಾಡಿದ್ದು ಅನ್ನುವ ಮಾತಿಗೆ ಬಲ್ಲವರು ಏನು ಹೇಳುತ್ತೀರಿ?

ಹಳೇಓವಲ್
ಆ ಮಾತು 1984ರಿಂದಲೂ ಇದೆ. ಭಾವನೆ ಪಕ್ಕಕ್ಕಿಟ್ಟು ಟ್ರ್ಯಾಕಿನಲ್ಲಿ ಆದದ್ದನ್ನೇ ನೋಡೋಣ.

ಗೆಲ್ಲಿಸುವ ಒಪ್ಪಂದ ಇದ್ದರೆ ಯಾರ್ಬರೋ ಹಿಂಬದಿಯಲ್ಲಿ ದಾಟಲೇ ಬೇಕಾಗಿರಲಿಲ್ಲ. ಪೆಟಿಯ ಹಿಂದೆ ಸುಮ್ಮನೆ ಕೂತು ಬಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಅವನು ದಾಟಿದ, ತಿರುವಿಗೆ ಮೊದಲು ಹೊಕ್ಕ, ಮೇಲಕ್ಕೆ ಹೋದ ಕಾರನ್ನು ಕೆಳಗಿಳಿಸಿ 43ಕ್ಕೆ ಉಜ್ಜಿದ. 200 ಮೈಲಿಯಲ್ಲಿ ಇಬ್ಬರೂ ಗೋಡೆಗೆ ಹೋಗುವ ಸಾಧ್ಯತೆ ಇತ್ತು. ಒಂದಡಿಯ ಅಂತರವನ್ನು ಆ ವೇಗದಲ್ಲಿ ನಾಟಕವಾಡಿ ತರಲು ಯಾರಿಂದಲೂ ಆಗದು: ಒಂದಡಿ ಅಂದರೆ 3.4 ಮಿಲಿಸೆಕೆಂಡು. ಇನ್ನು ಹೆವರಾನ್ ಕಾರು ಉರುಳಿದ್ದು. ಅದನ್ನು ಹೇಳಿ ಮಾಡಿಸಿದರು ಅನ್ನುವವರು ಆ ಉರುಳುವಿಕೆಯನ್ನು ಒಮ್ಮೆ ಸರಿಯಾಗಿ ನೋಡಲಿ.

ಅಧ್ಯಕ್ಷರ ಭೇಟಿ ಮುಂಚೆ ಗೊತ್ತಾಗಿತ್ತು, ಅದು ನಿಜ. ಆದರೆ ಕೊನೆ ಹೀಗಾಗುತ್ತದೆ ಅಂತ ಯಾರೂ ಬರೆದಿಟ್ಟಿರಲಿಲ್ಲ.

ಅನುಮಾನಿ_ಅಲ್ಲ
ಒಪ್ಪಿದೆ. ಯಾರ್ಬರೋ ದಾಟಿದ್ದು ಒಂದೇ ಸಾಕು.

ಪಿಟ್‌ಗೋಡೆ
158ನೇ ಸುತ್ತಿನ ಮಾತು ಎಲ್ಲರೂ ಆಡುತ್ತಾರೆ. ಅಲ್ಲಿಗೆ ಬರುವ ತನಕದ 157 ಸುತ್ತು ಪಿಟ್ಟಿನಲ್ಲಿ ಉಳಿಸಿದ್ದು. ಆಗಿನ ಕೆಲಸದ ಕ್ರಮ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಬರೆಯುತ್ತೇನೆ.

ಟ್ಯಾಂಕು 22 ಗ್ಯಾಲನ್, 83 ಲೀಟರ್. ಪೂರ್ತಿ ವೇಗದಲ್ಲಿ ಗ್ಯಾಲನ್ನಿಗೆ ನಾಲ್ಕೂವರೆ ಮೈಲಿ ಆಸುಪಾಸು, ಅಂದರೆ ಒಂದು ಟ್ಯಾಂಕಿಗೆ ಹೆಚ್ಚುಕಡಿಮೆ 40 ಸುತ್ತು. 160 ಸುತ್ತಿಗೆ ಕನಿಷ್ಠ ಮೂರು ಸಲ ನಿಲ್ಲಬೇಕು. ಪೆಟ್ರೋಲು ಸುರಿಯುವುದು 11 ಗ್ಯಾಲನ್ನಿನ ಕ್ಯಾನುಗಳಲ್ಲಿ, ಎರಡು ಕ್ಯಾನು, ಒಂದಾದ ಮೇಲೊಂದು. ತುಂಬಿದ ಕ್ಯಾನಿನಲ್ಲಿ ಪೆಟ್ರೋಲೇ 30 ಕಿಲೊ, ಅದನ್ನು ಭುಜಕ್ಕೇರಿಸಿ ಬಾಯಿಗೆ ನೇರವಾಗಿ ಒತ್ತಬೇಕು. ಓರೆಯಾದರೆ ವಾಲ್ವು ಪೂರ್ತಿ ತೆರೆಯುವುದಿಲ್ಲ, ಒಳಗಿನ ಗಾಳಿ ಹೊರಗೆ ಬರುವ ದಾರಿ ಕಟ್ಟುತ್ತದೆ, ಪೆಟ್ರೋಲು ಗುಳುಗುಳು ಅಂತ ನಿಂತು ನಿಂತು ಇಳಿಯುತ್ತದೆ. ಎರಡು ಗ್ಯಾಲನ್ ಕಡಿಮೆ ಬಿತ್ತು ಅಂದರೆ ಮೂರು ನಾಲ್ಕು ಸುತ್ತು ಮುಂಚೆ ಮತ್ತೆ ನಿಲ್ಲಬೇಕು.

ಚಕ್ರಕ್ಕೆ ಆಗ ಐದು ನಟ್ಟು. ಹೊಸ ಚಕ್ರದ ತೂತುಗಳಿಗೆ ನಟ್ಟನ್ನು ಮೊದಲೇ ಅಂಟಿಸಿಟ್ಟಿರುತ್ತಿದ್ದರು. ಬೋಲ್ಟಿನ ತುದಿಯ ಒಂದಿಷ್ಟು ಭಾಗಕ್ಕೆ ಮರೆ (ತಿರುಪಿನ ಸುರುಳಿ ಗೆರೆ) ಇರುವುದಿಲ್ಲ, ಚಕ್ರ ಕೂರಿಸುವಾಗ ಅಂಟಿದ ನಟ್ಟು ಅದರ ಮೇಲೆ ಸರಿದು ನಿಲ್ಲುತ್ತದೆ, ಏರ್ ಗನ್ ಹಿಡಿದರೆ ಅಂಟು ಬಿಟ್ಟು ತಿರುಗುತ್ತದೆ. ಅಂಟು ಹೆಚ್ಚಾದರೆ ಮರೆಗೆ ಮೆತ್ತಿ ಗನ್ ಸಿಕ್ಕಿಬೀಳುತ್ತದೆ. ಕಡಿಮೆಯಾದರೆ ಚಕ್ರ ಎತ್ತುವಾಗಲೇ ನಟ್ಟು ನೆಲಕ್ಕೆ. ಬಲಬದಿ ಮೊದಲು, ಯಾಕೆಂದರೆ ಸವೆಯುವುದು ಅದೇ. ಜಾಕು ಕಾರಿನ ನಡುವೆ ಬದಿಗೆ ಇಟ್ಟು ಎರಡೇ ಒತ್ತಿಗೆ ಒಂದು ಬದಿ ಪೂರ್ತಿ ಎತ್ತಬೇಕು. ಆಮೇಲೆ ಜಾಕು ಹಿಡಿದವನು ಮೂತಿ ಸುತ್ತಿಕೊಂಡು ಎಡಕ್ಕೆ ಓಡಬೇಕು. ಜಾಕು ಇಳಿಯುವುದೇ ಡ್ರೈವರಿಗೆ ಹೊರಡುವ ಸನ್ನೆ. ನಟ್ಟು ಬಿಗಿಯುವ ಮುಂಚೆ ಇಳಿಸಿದರೆ ಚಕ್ರ ಸಡಿಲ.

ಇನ್ನೊಂದು, ಪಿಟ್ ದಾರಿಯಲ್ಲಿ ಆಗ ವೇಗದ ಮಿತಿ ಇರಲಿಲ್ಲ. ಅದು ಬಂದದ್ದು 1991ರಲ್ಲಿ. ಗೋಡೆ ದಾಟಿ ನಿಂತವರ ಬೆನ್ನ ಹಿಂದೆ ಇತರ ಕಾರುಗಳು ಪೂರ್ತಿ ಎಳೆತದಲ್ಲಿ ಹೋಗುತ್ತಿದ್ದವು. ಆ ಜನರ ಹೆಸರು ಫೋಟೊ ಕೆಳಗೆ ಬರುವುದಿಲ್ಲ, ಬರಬೇಕಿತ್ತು.

ಕರಾವಳಿ_ಓದುಗ
ಜುಲೈನಲ್ಲಿ ಫ್ಲಾರಿಡಾ ಅಂದರೆ ನಮ್ಮ ಮಂಗಳೂರಿನ ಏಪ್ರಿಲ್ ಇದ್ದ ಹಾಗೆ, ಸೆಕೆ. ಮಟಮಟ ಮಧ್ಯಾಹ್ನ ಯಾಕೆ ರೇಸು?

ಹಳೇಓವಲ್
ಮಧ್ಯಾಹ್ನ ಅಲ್ಲ, ಬೆಳಿಗ್ಗೆಯೇ ಶುರು ಮಾಡುತ್ತಿದ್ದರು, ಅದೂ ಆ ಸೆಕೆಗೇ. ಮಧ್ಯಾಹ್ನ ದಾಟಿದರೆ ಅಲ್ಲಿ ಗುಡುಗು ಮಳೆ ಖಾತರಿ, ಒದ್ದೆ ಓವಲಿನಲ್ಲಿ ಸ್ಟಾಕ್ ಕಾರ್ ಓಡಿಸುವಂತಿರಲಿಲ್ಲ. 1984ರಲ್ಲಿ ಸರಾಸರಿ ವೇಗ 171.204 ಮೈಲಿ, ಒಟ್ಟು ಸುಮಾರು 2 ಗಂಟೆ 20 ನಿಮಿಷ, ಊಟದ ಹೊತ್ತಿಗೆ ಮುಗಿದಿತ್ತು. ವಾರ ಯಾವುದೇ ಇರಲಿ ಜುಲೈ 4ಕ್ಕೇ ರೇಸು ಅನ್ನುವ ಪದ್ಧತಿ 1987ರ ತನಕ ನಡೆಯಿತು, ಆಮೇಲೆ ಹತ್ತಿರದ ಶನಿವಾರಕ್ಕೆ ಹೋಯಿತು. ದೀಪ ಹಾಕಿ ರಾತ್ರಿ ಓಡಿಸಲು ಶುರುವಾದದ್ದು 1998ರಿಂದ.

ರೇಡಿಯೊ_ಕಿವಿ
ರೇಗನ್ ವಿಷಯಕ್ಕೆ ಬರೋಣ. ಅವರು ಬಂದು ಗಣ್ಯರ ಕೋಣೆಯಲ್ಲಿ ಕೈ ಬೀಸಿ ಹೋದರು ಅಂತ ಅನೇಕರ ನೆನಪು. ಬಂದವರು ಎಂಆರ್‌ಎನ್ (ಮೋಟರ್ ರೇಸಿಂಗ್ ನೆಟ್‌ವರ್ಕ್) ರೇಡಿಯೊದ ಕಾಮೆಂಟರಿ ಕೋಣೆಗೆ ಹೋಗಿ ನೆಡ್ ಜ್ಯಾರೆಟ್ ಪಕ್ಕ ಕೂತು ಮಾತಾಡಿದರು. ಆ ಕೋಣೆ ಅವರಿಗೆ ಹೊಸದಲ್ಲ. ಸಿನಿಮಾಕ್ಕೆ ಹೋಗುವ ಮುಂಚೆ, 1930ರ ದಶಕದಲ್ಲಿ ಐಯೋವಾದ ಡಬ್ಲ್ಯುಎಚ್‌ಒ ರೇಡಿಯೊದಲ್ಲಿ ಅವರು ಕ್ರೀಡಾ ವಿವರಣೆ ಹೇಳುತ್ತಿದ್ದರು. ಶಿಕಾಗೊದ ಬೇಸ್‌ಬಾಲ್ ಆಟದ ತಂತಿ ಸುದ್ದಿ ಚೂರುಚೂರಾಗಿ ಬರುತ್ತಿತ್ತು, ಅದನ್ನು ಕಣ್ಣೆದುರು ನೋಡುತ್ತಿರುವ ಹಾಗೆ ಬಿಡಿಸಿ ಹೇಳುವ ಕೆಲಸ. ಮೈಕಿನ ಮುಂದೆ ಅಷ್ಟು ಸಲೀಸಾಗಿ ಕೂತದ್ದಕ್ಕೆ ಅದು ಕಾರಣ.

ಜ್ಯಾರೆಟ್ ಕೂಡ ಬರೀ ಧ್ವನಿಯಲ್ಲ, ಎರಡು ಸಲ ಚಾಂಪಿಯನ್ ಆದ ಡ್ರೈವರು. ಇಲ್ಲಿ ಒಂದು ಕೊಂಡಿ ಇದೆ, ಇದನ್ನು ಜೋಡಿಸುವವರು ಕಡಿಮೆ. ಪೆಟಿಗೆ 200ನೇ ಗೆಲುವು ಕೊಟ್ಟ ಆ ಹಳದಿಗೆ ಓಡುವ ನಿಯಮ ಹೋದದ್ದು 2003ರ ಸೆಪ್ಟೆಂಬರಿನಲ್ಲಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಕಾರು ಗೋಡೆಗೆ ಬಡಿದು ಮುಂಬದಿಯ ದಾರಿಯ ನಡುವೆ ನಿಂತುಬಿಟ್ಟಿತು, ಉಳಿದವರು ಗೆರೆಗೆ ಪೂರ್ತಿ ವೇಗದಲ್ಲಿ ಅದರ ಪಕ್ಕದಲ್ಲೇ ಓಡಿ ಬಂದರು. ಆ ಕಾರಿನೊಳಗೆ ಇದ್ದವನು ಡೇಲ್ ಜ್ಯಾರೆಟ್, ನೆಡ್ ಮಗ. ಮುಂದಿನ ವಾರದಿಂದಲೇ ಹಳದಿ ಬಂದ ಕ್ಷಣಕ್ಕೆ ಸ್ಥಾನ ಕಟ್ಟುವ ನಿಯಮ ಬಂತು. ಅದು ಸರಿಯಾದ ತೀರ್ಮಾನ. 1984ರ ಆ ಸುತ್ತನ್ನು ಎಷ್ಟೇ ಪ್ರೀತಿಸಿದರೂ, ಒಂದನೇ ತಿರುವಿನಲ್ಲಿ ಹೆವರಾನ್ ಇನ್ನೂ ಕಾರಿನೊಳಗಿದ್ದ, ಇವರಿಬ್ಬರು ಅದೇ ಹೊತ್ತಿನಲ್ಲಿ 200ರಲ್ಲಿ ಓಡುತ್ತಿದ್ದರು ಅನ್ನುವುದನ್ನು ಮರೆಯಬಾರದು.

ಹಳೇಓವಲ್
ಈ ಕೊಂಡಿ ಚೆನ್ನಾಗಿ ಹಿಡಿದಿರಿ. ರೇಸು ಮುಗಿದ ಮೇಲಿನ ಕ್ರಮವನ್ನೂ ಬರೆದುಬಿಡುತ್ತೇನೆ: ಪೆಟಿ ನೇರ ವಿಜಯದ ಕಟ್ಟೆಗೆ ಹೋಗಲಿಲ್ಲ. ಕಾರನ್ನು ಗೆರೆಯ ಬಳಿಯೇ ನಿಲ್ಲಿಸಿ, ಇಳಿದು, ಮೆಟ್ಟಿಲು ಹತ್ತಿ ಅಧ್ಯಕ್ಷರನ್ನು ಕಂಡ. ಕಟ್ಟೆ ಆಮೇಲೆ. ಅದಾದ ಮೇಲೆ ಗ್ಯಾರೇಜಿನಲ್ಲಿ ಡ್ರೈವರುಗಳ ಕುಟುಂಬದವರ ಜೊತೆ ಫ್ರೈಡ್ ಚಿಕನ್ ಊಟ, ಗಾಯಕಿ ಟ್ಯಾಮಿ ವೈನೆಟ್ ಹಾಡು.

ರೇಗನ್ ಹಸಿರು ಬಾವುಟ ಬೀಸಿದರು ಅನ್ನುವುದು ತಪ್ಪು.

ಸ್ಕೋರ್‌ಕಾರ್ಡ್
1984, 1992 ಕೂಡ ಕಲಸಿಹೋಗುತ್ತವೆ. ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಬಂದದ್ದು 1992ರ ಜುಲೈ 4ಕ್ಕೆ, ಪೆಟಿಯ ಕೊನೆಯ ಡೇಟೋನಾ ರೇಸಿಗೆ. ಆವತ್ತು ಪೆಟಿ ಮೊದಲ ಸಾಲಿನಲ್ಲಿ ಹೊರಟು ಮೊದಲ ಐದು ಸುತ್ತು ಮುಂದೆ ಓಡಿದ. ಗೆದ್ದದ್ದು ಎರ್ನಿ ಅರ್ವನ್. ಮಾಡೆಲ್ ಕಾರಿನ ಪೆಟ್ಟಿಗೆಯ ಮೇಲೂ ಈ ಎರಡನ್ನು ಬೆರೆಸಿ ಬರೆದದ್ದು ಕಾಣುತ್ತದೆ.

ಇನ್ನು 200ರ ಬೆಲೆ. ಮೊದಲ ಗೆಲುವು 1960ರ ಫೆಬ್ರವರಿ 28, ಶಾರ್ಲೆಟ್‌ನ ಅರ್ಧ ಮೈಲಿ ಮಣ್ಣಿನ ಟ್ರ್ಯಾಕು. 1971ರ ಕೊನೆಗೆ 140 ಆಗಿತ್ತು. ಆಗ ವರ್ಷಕ್ಕೆ ಐವತ್ತರ ಆಸುಪಾಸು ರೇಸು, ಎಷ್ಟೋ 100 ಮೈಲಿಯವು, ವಾರದ ನಡುವೆಯೂ ನಡೆಯುತ್ತಿದ್ದವು. 1967ರಲ್ಲಿ ಅವನೊಬ್ಬನೇ 27 ಗೆದ್ದ, ಅದರಲ್ಲಿ 10 ಸತತ. 1972ರಲ್ಲಿ ಪಟ್ಟಿ ಮೂವತ್ತರ ಆಸುಪಾಸಿಗೆ ಇಳಿಯಿತು, ಅಲ್ಲಿಂದ 1984ರ ತನಕ ಗೆದ್ದದ್ದು 60. ಹಾಗಾಗಿ ಹಳೆಯ 140 ಸುಲಭದ್ದು ಅನ್ನುವವರಿದ್ದಾರೆ. ನನ್ನ ಲೆಕ್ಕ ಬೇರೆ. ಅದೇ ರೇಸುಗಳು ಎಲ್ಲರಿಗೂ ಇದ್ದವು, ಎರಡನೇ ಸ್ಥಾನದ ಡೇವಿಡ್ ಪಿಯರ್ಸನ್ 105ಕ್ಕೆ ನಿಂತ. 1984ರ ನಂತರ ಪೆಟಿ ಇನ್ನೂ ಎಂಟು ವರ್ಷ ಓಡಿದ, 201 ಬರಲೇ ಇಲ್ಲ. ಅವನ ಕೊನೆಯ ಗೆಲುವು ಆ ಬುಧವಾರದ್ದೇ.

ಮಾಡೆಲ್24
1:24 ಮಾಡೆಲ್ ಕಟ್ಟುತ್ತಿರುವವನಿಗೆ ಎರಡು ಪ್ರಶ್ನೆ: ಬಣ್ಣ ಹೇಗೆ ಹೊಂದಿಸುವುದು? 158ನೇ ಸುತ್ತಿನ ಕೊನೆಯ ದೃಶ್ಯವಾಗಿ ಎರಡು ಕಾರು ಜೋಡಿಸಿಡಬೇಕು, 43 ಎಷ್ಟು ಮುಂದೆ ಇರಬೇಕು? ಒಂದೊಂದು ಫೋಟೊದಲ್ಲಿ ಒಂದೊಂದು ತರ ಕಾಣುತ್ತದೆ.

ಎಂಜಿನ್_ಕೋಣೆ
ಬಣ್ಣದ ವಿಷಯ ನಾನು ಹೇಳುತ್ತೇನೆ. ನೀಲಿ ಮತ್ತು ಕೆಂಪು ಎರಡನ್ನೂ ಒಂದೇ ತರ ಬಳಿಯಬೇಡಿ. ಪ್ರಾಯೋಜಕ ಎಸ್‌ಟಿಪಿಯ ಕೆಂಪು ಪ್ರತಿದೀಪ್ತ ಬಣ್ಣ, ಬೆಳಕಿನಲ್ಲಿ ಹೊಳೆಯುವ ಜಾತಿ. ಅದರಡಿ ಬೂದು ಪ್ರೈಮರ್ ಇದ್ದರೆ ಕೆಂಪು ಸತ್ತಂತೆ ಕಾಣುತ್ತದೆ. ಅಪ್ಪಟ ಬಿಳಿ ಹಾಕಿ, ಒಣಗಿದ ಮೇಲೆ ಕೆಂಪನ್ನು ಮೂರು ನಾಲ್ಕು ತೆಳು ಪದರಗಳಲ್ಲಿ ಊದಿ. ಕೆಂಪು ಮೊದಲು, ಅದನ್ನು ಟೇಪಿನಿಂದ ಮುಚ್ಚಿ ಆಮೇಲೆ ನೀಲಿ. ತಿರುಗಾಮುರುಗಾ ಮಾಡಿದರೆ ನೀಲಿ ಕೆಳಗಿನಿಂದ ಇಣುಕುತ್ತದೆ. ಈ ಬಣ್ಣ ಬಿಸಿಲಿಗೆ ಬೇಗ ಬಿಳಚುತ್ತದೆ, ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಕೊಟ್ಟು ಕಿಟಕಿಯಿಂದ ದೂರ ಇಡಿ. ಎರಡು ಬಣ್ಣ ಸೇರುವ ಗೆರೆಗೆ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿರುವ ಪೆಟಿಯ 1984ರ ಕಾರಿನ ಫೋಟೊ ನೋಡಿ, ಬೇರೆ ವರ್ಷದ 43 ನೋಡಿದರೆ ತಪ್ಪುತ್ತದೆ.

ಬ್ಯಾಂಕ್31
ಎರಡನೆಯದಕ್ಕೆ ನಾನು. ಫೋಟೊಗಳು ಸುಳ್ಳು ಹೇಳುತ್ತಿಲ್ಲ, ಕ್ಯಾಮೆರಾ ನಿಂತ ಜಾಗ ಬೇರೆ ಬೇರೆ.

ಎರಡು ಕಾರಿನ ಮೂತಿಗಳು ಅಡ್ಡಕ್ಕೆ 2 ಮೀಟರ್ ದೂರ ಇವೆ ಅನ್ನಿ, ಒಳಬದಿಯಲ್ಲಿ ಪೆಟಿ. ಕ್ಯಾಮೆರಾ ಒಳ ಮೈದಾನದಲ್ಲಿ, ಕಾರಿನಿಂದ 20 ಮೀಟರ್ ದೂರ, ಆದರೆ ಗೆರೆಗಿಂತ 10 ಮೀಟರ್ ಮುಂದಕ್ಕೆ ಇದೆ. ನೋಟ ಓರೆಯಾಗುತ್ತದೆ. 20ಕ್ಕೆ 10ರಷ್ಟು ಓರೆ, 2 ಮೀಟರ್ ಅಗಲಕ್ಕೆ 1 ಮೀಟರ್ ತಪ್ಪು. ದೂರದ ಕಾರು, ಅಂದರೆ ಯಾರ್ಬರೋ, ನಿಜಕ್ಕಿಂತ ಒಂದು ಮೀಟರ್ ಮುಂದೆ ಕಾಣುತ್ತಾನೆ. ಕ್ಯಾಮೆರಾ ಗೆರೆಗಿಂತ 10 ಮೀಟರ್ ಹಿಂದೆ ಇದ್ದರೆ ಪೆಟಿ ಅಷ್ಟೇ ಹೆಚ್ಚು ಮುಂದೆ ಕಾಣುತ್ತಾನೆ. ಗ್ಯಾಲರಿ ಕಡೆಯಿಂದ ತೆಗೆದದ್ದಾದರೆ ಇದೆಲ್ಲ ತಲೆಕೆಳಗು. ಇಡೀ ಗೆಲುವಿನ ಅಂತರಕ್ಕಿಂತ ಈ ತಪ್ಪೇ ದೊಡ್ಡದು.

ವಿಡಿಯೊ ನಿಲ್ಲಿಸಿ ಅಳೆಯೋಣ ಅಂದರೆ ಅದೂ ಆಗದು. ಸೆಕೆಂಡಿಗೆ 30 ಚಿತ್ರ, ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾರು 3 ಮೀಟರ್ ಹೋಗಿರುತ್ತದೆ. ಮೂತಿ ಸರಿಯಾಗಿ ಗೆರೆಯ ಮೇಲಿರುವ ಚಿತ್ರ ಸಿಗುವುದು ಅದೃಷ್ಟ.

ಹಾಗಾಗಿ ಗೆರೆಯ ಬಣ್ಣದ ಪಟ್ಟೆ ಒಂದೇ ಅಂಚಾಗಿ, ಓರೆಯಾಗದೆ ಕಾಣುವ ಫೋಟೊ ಮಾತ್ರ ನಂಬಿ. ಮಾಡೆಲ್‌ನಲ್ಲಿ ಒಂದಡಿ ಅಂದರೆ 1:24ಕ್ಕೆ 12.7 ಮಿ.ಮೀ. ಅಷ್ಟು ಮುಂದಿಟ್ಟರೆ ಸರಿ. ಎರಡು ಕಾರಿನ ಬದಿ ಒಂದಕ್ಕೊಂದು ತಾಗಿರಲಿ, ನಡುವೆ ಸಂದು ಬಿಡಬೇಡಿ. 28ರ ಎಡ ಬಾಗಿಲಿಗೂ 43ರ ಬಲ ಬಾಗಿಲಿಗೂ ಉಜ್ಜಿದ ಗುರುತು ಹಾಕಿ.

ಮಾಡೆಲ್24
12.7 ಮಿ.ಮೀ. ಬರೆದುಕೊಂಡೆ. ಕೆಂಪಿನಡಿ ಬೂದು ಪ್ರೈಮರ್ ಹಾಕಿಬಿಟ್ಟಿದ್ದೆ, ನಾಳೆ ಉಜ್ಜಿ ಬಿಳಿ ಹಾಕುತ್ತೇನೆ.